ಅಂದಾಜಿಗೆ ಅಂಕವಿಲ್ಲ

ಹೈಸ್ಕೂಲ್ ಗಣಿತದಲ್ಲಿ ಮಕ್ಕಳಿಗಿಂತ ಅಪ್ಪ-ಅಮ್ಮಂದಿರು ಹೆಚ್ಚು ಹೆದರುವ ಭಾಗ ಒಂದಿದ್ದರೆ ಅದು ಜಾಮೆಟ್ರಿ. ಕುವೈತ್‌ನ ಇಂಡಿಯನ್ ಸ್ಕೂಲುಗಳಲ್ಲಿ ಏಪ್ರಿಲ್‌ಗೆ ಹೊಸ ತರಗತಿ ಶುರುವಾಗುತ್ತೆ. ಮಾರ್ಚ್ ಬಂತೆಂದರೆ ನಮ್ಮ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜುಗಳು: "ಮಗ ಒಂಬತ್ತಕ್ಕೆ ಬಂದ. ಜಾಮೆಟ್ರಿ ಕಷ್ಟ ಅಂತಾರಲ್ಲ, ಈಗಿಂದ್ಲೇ ಟ್ಯೂಷನ್ ಹಾಕ್ಬೇಕಾ? ಯಾವ ಗೈಡ್ ತಗೋಬೇಕು? ನೀವೆಲ್ಲ ಹೇಗೆ ಓದಿದ್ರಿ?"

ನಾವು ಅಂದರೆ ಕುವೈತ್ ಸಿಟಿಯ ಶರ್ಕ್‌ನಲ್ಲಿ ಒಂದೇ ಕಟ್ಟಡದಲ್ಲಿ ಬೆಳೆದ ನಾಲ್ಕು ಮನೆಯ ಮಕ್ಕಳು. ಒಂದೇ ಸ್ಕೂಲ್ ಬಸ್ಸು, ಸಿ.ಬಿ.ಎಸ್.ಇ.ಯ ಒಂದೇ ಪುಸ್ತಕ. ಈಗ ಒಬ್ಬ ಸಿವಿಲ್, ಒಬ್ಬಳು ಕಂಪ್ಯೂಟರ್ ಸೈನ್ಸ್, ಒಬ್ಬಳು ಕಾಮರ್ಸ್, ಇನ್ನೊಬ್ಬ ಇನ್ನೂ ಯಾವುದು ಅಂತ ನಿರ್ಧಾರ ಮಾಡಿಲ್ಲ. ಮೆಸೇಜ್ ಕಳಿಸುವವರಿಗೆಲ್ಲ ಬೇರೆ ಬೇರೆ ಉತ್ತರ ಕೊಡುವ ಬದಲು, ನಾಲ್ವರೂ ಕೂತು ಒಂದೇ ಸಲ ಬರೆದುಬಿಡೋಣ ಅನಿಸಿತು. ನಿಮ್ಮ ಮನೆಗಳಲ್ಲೂ ಒಂಬತ್ತನೇ ಕ್ಲಾಸಿನ ತಮ್ಮಂದಿರು, ತಂಗಿಯರು ಇರಬಹುದು.

ಮೊದಲು, ಆ ತರಗತಿಯಲ್ಲಿ ನಿಜವಾಗಿ ಏನು ಬದಲಾಗುತ್ತೆ ಅನ್ನೋದು. ಎಂಟನೇ ಕ್ಲಾಸಿನವರೆಗೆ ಗಣಿತ ಅಂದರೆ ಉತ್ತರ. 42 ಬಂತಾ, ಸರಿ; ಬರಲಿಲ್ವಾ, ತಪ್ಪು. ಒಂಬತ್ತರಲ್ಲಿ ಪ್ರಮೇಯಗಳು ಬಂದಾಗ ಉತ್ತರವನ್ನು ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ! "ಈ ಎರಡು ಕೋನಗಳು ಸಮ ಎಂದು ಸಾಧಿಸಿ." ಸಮ ಅಂತ ಅವರೇ ಹೇಳಿಯಾಯ್ತು. ಇನ್ನು ನಾವು ಹೇಳಬೇಕಾದ್ದು ಏನು? ಯಾಕೆ ಅನ್ನೋದನ್ನ. ಲೆಕ್ಕದಲ್ಲಿ ಜೋರಾಗಿದ್ದ ಮಕ್ಕಳೂ ಇಲ್ಲಿ ತಬ್ಬಿಬ್ಬಾಗುತ್ತಾರೆ. ಅವರು ಕಲಿತ ಲೆಕ್ಕಕ್ಕೂ ಈಗ ಕೇಳುತ್ತಿರುವ ಪ್ರಶ್ನೆಗೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತೆ.

ಒಂದು ಉದಾಹರಣೆ. ಎರಡು ನೇರ ರಸ್ತೆಗಳು ಒಂದನ್ನೊಂದು ಕತ್ತರಿಸುತ್ತವೆ. ಎದುರು ಬದುರಾಗಿ ನಾಲ್ಕು ಕೋನ. ಎದುರಿನ ಕೋನಗಳು ಸಮ ಅಂತ ಸಾಧಿಸಬೇಕು. ಹೆಚ್ಚಿನ ಮಕ್ಕಳು ಹೇಳೋದು ಒಂದೇ ಮಾತು: "ನೋಡಿದ್ರೆ ಗೊತ್ತಾಗುತ್ತಲ್ಲ!" ಹೌದು, ಗೊತ್ತಾಗುತ್ತೆ. ಆದರೆ 70 ಡಿಗ್ರಿಗೂ 71 ಡಿಗ್ರಿಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣಲ್ಲ. ಹಾಗಾಗಿ ಹೀಗೆ ಹೇಳಬೇಕು: ಒಂದು ನೇರ ಗೆರೆಯ ಮೇಲೆ ಪಕ್ಕಪಕ್ಕದ ಎರಡು ಕೋನ ಸೇರಿದರೆ 180. ಮೊದಲನೆಯದೂ ಎರಡನೆಯದೂ ಸೇರಿ 180. ಎರಡನೆಯದೂ ಮೂರನೆಯದೂ ಸೇರಿಯೂ 180, ಯಾಕೆಂದರೆ ಅವು ಇನ್ನೊಂದು ನೇರ ಗೆರೆಯ ಮೇಲಿವೆ. ಎರಡರಲ್ಲೂ ಎರಡನೆಯ ಕೋನ ಇದೆ, ಅದನ್ನ ತೆಗೆದುಹಾಕಿದರೆ ಮೊದಲನೆಯದೂ ಮೂರನೆಯದೂ ಸಮ. ಇಷ್ಟೇ. ಈಗ ಜಗತ್ತಿನ ಯಾವ ಎರಡು ರಸ್ತೆ ಬೇಕಾದರೂ ಕತ್ತರಿಸಲಿ, ಅಳೆಯೋಕೆ ಹೋಗಬೇಕಿಲ್ಲ.

ಇಲ್ಲಿ ಶರ್ಕ್‌ನ ಬೀದಿಯಲ್ಲೇ ಸಿಗುವ ಒಂದು ಪದದ ಕಥೆ ಹೇಳಬೇಕು. ಕಟ್ಟಡ ಕಟ್ಟುವ ಜಾಗದ ಬೋರ್ಡುಗಳಲ್ಲಿ ಅರಬ್ಬಿಯ 'ಹಂದಸಾ' ಪದ ಕಾಣುತ್ತೆ. ಅದಕ್ಕೆ ಇಂಜಿನಿಯರಿಂಗ್ ಅಂತಲೂ ಅರ್ಥ, ಜಾಮೆಟ್ರಿ ಅಂತಲೂ ಅರ್ಥ. ಇಂಜಿನಿಯರ್‌ಗೆ 'ಮುಹಂದಿಸ್' ಅನ್ನುವುದು ಕುವೈತ್‌ನಲ್ಲಿ ಇರುವ ಎಲ್ಲರಿಗೂ ಗೊತ್ತು. ಈ ಹಂದಸಾ ಬಂದಿದ್ದು ಅಳತೆ ಎಂಬ ಅರ್ಥದ ಪಾರಸಿ ಪದದಿಂದ. ಅದೇ ಪಾರಸಿ ಮೂಲದಿಂದ ನಮ್ಮ ಕನ್ನಡಕ್ಕೂ ಒಂದು ಪದ ಬಂದಿದೆ: ಅಂದಾಜು! ಒಂದೇ ಬೇರಿನ ಪದ ಅರಬ್ಬಿಯಲ್ಲಿ ಜಾಮೆಟ್ರಿ ಆಯಿತು, ನಮ್ಮಲ್ಲಿ ಲೆಕ್ಕ ಹಾಕದೆ ಸುಮಾರಾಗಿ ಹೇಳೋದು ಅಂತಾಯಿತು. ಒಂಬತ್ತನೇ ಕ್ಲಾಸಿನ ಮಗು ಈ ಎರಡು ಅರ್ಥಗಳ ನಡುವೆ ನಿಂತಿರುತ್ತೆ. ಅಂದಾಜು ಮಾಡುವುದು ಅದಕ್ಕೆ ಚೆನ್ನಾಗಿ ಬರುತ್ತೆ. ಹಂದಸಾ ಕಲಿಯಬೇಕಿದೆ.

ಈ ವಿಷಯ ಹಳೆಯದು. ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಬರೆದ 'ಎಲಿಮೆಂಟ್ಸ್' ಒಟ್ಟು 13 ಭಾಗ. ಅದನ್ನು ಬಾಗ್ದಾದ್‌ನ ವಿದ್ವಾಂಸರು ಅರಬ್ಬಿಗೆ ತಂದರು. ಆಮೇಲೆ 18ನೇ ಶತಮಾನದ ಮೊದಲ ಭಾಗದಲ್ಲಿ ಜೈಪುರದ ಸವಾಯಿ ಜೈಸಿಂಗನ ಆಸ್ಥಾನದ ಜಗನ್ನಾಥ ಸಮ್ರಾಟ್ ಅರಬ್ಬಿಯಿಂದಲೇ ಅದನ್ನು ಸಂಸ್ಕೃತಕ್ಕೆ ಮಾಡಿದರು. ಆ ಪುಸ್ತಕದ ಹೆಸರು 'ರೇಖಾಗಣಿತ'. ನಮ್ಮ ಅಪ್ಪ-ಅಮ್ಮ ಕನ್ನಡ ಮೀಡಿಯಂನಲ್ಲಿ ಓದಿದ ವಿಷಯದ ಹೆಸರೂ ಅದೇ. ಇನ್ನು ಕ್ಷೇತ್ರಗಳ ಲೆಕ್ಕ ಕನ್ನಡ ನಾಡಿಗೆ ಅದಕ್ಕೂ ಹಳೆಯದು. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಎಂಬ ಪುಸ್ತಕಗಳನ್ನು ಕನ್ನಡದಲ್ಲೇ ಬರೆದ. ಗಣಿತಕ್ಕೂ ಕನ್ನಡಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಇಷ್ಟು ಸಾಕು.

ಆದರೆ ನಮಗೆ ಈ ಸಂಬಂಧ ಗೊತ್ತಾಗಿದ್ದು ಪುಸ್ತಕದಿಂದಲ್ಲ, ಒಂದು ಅಡುಗೆಮನೆಯಿಂದ.

ನಮ್ಮಲ್ಲೊಬ್ಬಳು ಒಂಬತ್ತನೇ ಕ್ಲಾಸಿನ ಮೊದಲ ಪರೀಕ್ಷೆ ಆದಮೇಲೆ ಜಾಮೆಟ್ರಿ ಬಗ್ಗೆ ಮಾತಾಡುವುದನ್ನೇ ಬಿಟ್ಟಿದ್ದಳು. ಬಸ್ಸಿನಲ್ಲಿ ನಾವು ಹೋಂವರ್ಕ್ ಬಗ್ಗೆ ಕೇಳಿದರೆ ಕಿಟಕಿ ಕಡೆ ತಿರುಗೋಳು. ಪ್ರಮೇಯಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡೋಳು. ಪರೀಕ್ಷೆಯಲ್ಲಿ ಚಿತ್ರಕ್ಕೆ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಕೊಟ್ಟರೆ ಎಲ್ಲ ಮರೆತುಹೋಗೋದು. ಹತ್ತನೇ ಕ್ಲಾಸಿನಲ್ಲಿ ಬೇಸಿಕ್ ಗಣಿತ ತಗೊಂಡುಬಿಡ್ತೀನಿ ಅಂತ ಆಗಲೇ ಹೇಳೋಕೆ ಶುರು ಮಾಡಿದ್ದಳು. ಗೊತ್ತಿಲ್ಲದವರಿಗೆ: 2020ರ ಪರೀಕ್ಷೆಯಿಂದ ಸಿ.ಬಿ.ಎಸ್.ಇ. ಹತ್ತನೇ ಕ್ಲಾಸಿಗೆ ಸ್ಟ್ಯಾಂಡರ್ಡ್ ಮತ್ತು ಬೇಸಿಕ್ ಅಂತ ಎರಡು ಮಟ್ಟದ ಗಣಿತ ಪತ್ರಿಕೆ ಇಟ್ಟಿದೆ. ಮುಂದೆ ಗಣಿತ ಓದುವವರಿಗೆ ಸ್ಟ್ಯಾಂಡರ್ಡ್, ಬೇಡ ಅನ್ನುವವರಿಗೆ ಬೇಸಿಕ್. ಬೇಸಿಕ್ ತಗೊಳ್ಳೋದು ಕಡಿಮೆ ಅಂತ ನಾವು ಹೇಳ್ತಿಲ್ಲ. ಆದರೆ 14 ವರ್ಷಕ್ಕೆ, ನಾಲ್ಕು ಪ್ರಮೇಯಕ್ಕೆ ಹೆದರಿ, ಮುಂದಿನ ಒಂದು ಬಾಗಿಲು ಮುಚ್ಚಿಕೊಳ್ಳುವುದು ಬೇರೆ ಮಾತು.

ಅವಳ ಅಮ್ಮ ಉಡುಪಿ ಕಡೆಯವರು, ಎಸ್.ಎಸ್.ಎಲ್.ಸಿ. ತನಕ ಕನ್ನಡ ಮೀಡಿಯಂ. ಸ್ಕೂಲಿನ ಪೇರೆಂಟ್ಸ್ ಮೀಟಿಂಗ್‌ಗೆ ಅವರು ಹೋದರೂ ಮಾತಾಡುತ್ತಿದ್ದದ್ದು ಅಂಕಲ್ ಮಾತ್ರ. ಮಗಳ ಓದಿನಲ್ಲಿ ತನಗೇನೂ ತಿಳಿಯೋದಿಲ್ಲ ಅಂತ ಅವರು ಎಷ್ಟೋ ವರ್ಷದ ಹಿಂದೆಯೇ ನಿಶ್ಚಯ ಮಾಡಿಕೊಂಡಿದ್ದರು. ಒಂದು ಶುಕ್ರವಾರ ಶರ್ಕ್ ಮೀನು ಮಾರ್ಕೆಟಿನಿಂದ ಝುಬೈದಿ ತಂದು (ನಮ್ಮೂರಿನ ಮಾಂಜಿ) ಅದನ್ನು ಕೊಯ್ಯುತ್ತ ಇದ್ದಾಗ, ಮಗಳು ಟೇಬಲ್ ಮೇಲೆ ಪುಸ್ತಕ ಇಟ್ಟು ಅಳೋದು ನೋಡಿದರು. ಕೈ ತೊಳೆದು ಬಂದು ಚಿತ್ರ ನೋಡಿದರು. ಇಂಗ್ಲಿಷ್ ಸಾಲುಗಳನ್ನಲ್ಲ, ಚಿತ್ರವನ್ನ.

"ಇದು ಸಮದ್ವಿಬಾಹು ತ್ರಿಭುಜ ಅಲ್ವ? ದತ್ತ ಎಂತ? ಸಾಧನೀಯ ಎಂತ?"

"ಹಾಗಂದ್ರೆ ಎಂತ ಅಮ್ಮ?"

"ಕೊಟ್ಟದ್ದು ಎಂತ, ತೋರಿಸ್ಬೇಕಾದ್ದು ಎಂತ, ಅಷ್ಟೇ ಹೇಳು. ಕನ್ನಡದಲ್ಲೇ ಹೇಳು."

ಮಗಳು ಹೇಳಿದಳು. ಎರಡು ಬದಿ ಸಮ ಅಂತ ಕೊಟ್ಟಿದ್ದಾರೆ. ಕೆಳಗಿನ ಎರಡು ಕೋನ ಸಮ ಅಂತ ತೋರಿಸಬೇಕು. "ಹಾಗಾದ್ರೆ ರಚನೆ ಮಾಡು. ಮೇಲಿನ ಕೋನವನ್ನ ಸರಿ ಅರ್ಧ ಮಾಡುವ ಒಂದು ಗೆರೆ ಎಳಿ, ಕೆಳಗಿನವರೆಗೆ. ಈಗ ಎಷ್ಟು ತ್ರಿಭುಜ ಆಯ್ತು?" ಎರಡು. "ಎರಡಕ್ಕೂ ಎಂತೆಂತ ಸಮ ಇದೆ?" ಒಂದು ಬದಿ, ಅದು ಕೊಟ್ಟದ್ದು. ಮೇಲಿನ ಕೋನ, ಅದನ್ನ ನಾವೇ ಅರ್ಧ ಮಾಡಿದ್ದು. ನಡುವಿನ ಗೆರೆ ಎರಡಕ್ಕೂ ಒಂದೇ. ಅಮ್ಮ ಟೇಬಲ್ ತಟ್ಟಿ ಅಂದರಂತೆ: "ಬಾ-ಕೋ-ಬಾ!"

ಬಾಹು, ಕೋನ, ಬಾಹು. ಸ್ಕೂಲಿನಲ್ಲಿ ಎಸ್.ಎ.ಎಸ್. ಅಂತ ಕಲಿಸಿದ್ದು ಇದನ್ನೇ. ಬಾಬಾಬಾ, ಕೋಬಾಕೋ, ಎಲ್ಲ ಅವರಿಗೆ ನೆನಪಿತ್ತು. ಇಪ್ಪತ್ತೈದು ವರ್ಷದಲ್ಲಿ ಅವರ ಹತ್ತಿರ ಯಾರೂ ಕೇಳಿರಲಿಲ್ಲ, ಅಷ್ಟೇ. ಆ ವರ್ಷ ಪ್ರತಿ ಶುಕ್ರವಾರ ಅವರ ಮನೆಯಲ್ಲಿ ನಾಲ್ವರೂ ಕೂತು ಒಂದೊಂದು ಪ್ರಮೇಯವನ್ನು ಆಂಟಿಗೆ ಕನ್ನಡದಲ್ಲಿ ಹೇಳಬೇಕು ಅಂತ ಕಟ್ಟಳೆ ಆಯಿತು. ಅವರ ಹತ್ತಿರ ಒಂದೇ ಪ್ರಶ್ನೆ: "ಯಾಕೆ?" ಸಮಾಧಾನ ಆಗುವ ತನಕ ಊಟಕ್ಕೆ ಬಡಿಸುತ್ತಿರಲಿಲ್ಲ. ಗೆಳತಿ ಹತ್ತರಲ್ಲಿ ಸ್ಟ್ಯಾಂಡರ್ಡ್ ತಗೊಂಡಳು. ಕಂಪ್ಯೂಟರ್ ಸೈನ್ಸ್ ಓದುತ್ತಿರುವವಳು ಅವಳೇ. ಆಂಟಿ ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಗಣಿತದ ಮಿಸ್ ಹತ್ತಿರ ತಾವೇ ಮಾತಾಡಿದರು. ಅರ್ಧ ಹಿಂದಿ, ಅರ್ಧ ಚಿತ್ರ.

ಈ ಕಥೆ ಹೇಳಿದ್ದು ಯಾಕೆಂದರೆ, ನಮ್ಮಂಥ ಮಕ್ಕಳಿಗೆ ಜಾಮೆಟ್ರಿಯ ಅರ್ಧ ಕಷ್ಟ ಜಾಮೆಟ್ರಿಯದ್ದಲ್ಲ, ಮಾತಿನದ್ದು. ಪ್ರಮೇಯ ಅಂದರೆ ಒಂದಕ್ಕೊಂದು ಕೊಂಡಿ ಹಾಕಿದ ವಾಕ್ಯಗಳು. "ಇದು ಹೀಗಿದೆ, ಆದ್ದರಿಂದ ಅದು ಹಾಗೆ." ಮನೆಯಲ್ಲಿ ಒಂದು ಭಾಷೆ, ಸ್ಕೂಲಲ್ಲಿ ಇನ್ನೊಂದು, ಬಕಾಲಾದಲ್ಲಿ ಮತ್ತೊಂದು ಮಾತಾಡುವ ಮಗುವಿಗೆ 'ಆದ್ದರಿಂದ' ಅನ್ನುವ ಪದ ಯಾವ ಭಾಷೆಯಲ್ಲಿ ಗಟ್ಟಿಯಾಗಿದೆಯೋ ಆ ಭಾಷೆಯಲ್ಲೇ ಯೋಚನೆ ಶುರುವಾಗಬೇಕು. ಆಮೇಲೆ ಇಂಗ್ಲಿಷಿನಲ್ಲಿ ಬರೆಯೋದು ಸುಲಭ. ನಾಡಹಬ್ಬದ ಹಾಡಿಗೂ ರಾಜ್ಯೋತ್ಸವದ ನಾಟಕಕ್ಕೂ ಮಾತ್ರ ಕನ್ನಡ ಅಂದುಕೊಂಡಿರುವ ಮಕ್ಕಳಿಗೆ, ಕನ್ನಡದಲ್ಲಿ ತರ್ಕ ಮಾಡಬಹುದು ಅಂತ ಗೊತ್ತಾಗೋದೂ ಸಣ್ಣ ವಿಷಯವಲ್ಲ.

ಹಾಗಾದರೆ ಏಪ್ರಿಲ್‌ಗೆ ಮುಂಚೆ ಏನು ತಯಾರಿ? ನಮ್ಮ ಅನುಭವದಲ್ಲಿ ಇಷ್ಟು ಸಾಕು.

ಎಂಟನೇ ಕ್ಲಾಸಿನ ಸರಳ ಸಮೀಕರಣ ಬರಬೇಕು. ಒಂದು ಕೋನ ಎಕ್ಸ್, ಅದರ ಪಕ್ಕದ್ದು 2ಎಕ್ಸ್, ಎರಡೂ ಸೇರಿ 180 ಅಂದರೆ ಎಕ್ಸ್ 60 ಅಂತ ತಡವರಿಸದೆ ಹೇಳಬೇಕು. ಜಾಮೆಟ್ರಿ ಬರಲ್ಲ ಅನ್ನುವ ಎಷ್ಟೋ ಮಕ್ಕಳಿಗೆ ಬಾರದಿರೋದು ಇದು.

ಚಿತ್ರ ದೊಡ್ಡದಾಗಿ ಬರೆಯುವ ಅಭ್ಯಾಸ ಬೇಕು. ಚೂಪಾದ ಪೆನ್ಸಿಲ್, ಸಡಿಲವಾಗದ ಕೈವಾರ, ಅರ್ಧ ಪುಟದ ಚಿತ್ರ. ಮೂಲೆಯಲ್ಲಿ ಬೆರಳುಗುರಿನಷ್ಟು ತ್ರಿಭುಜ ಬರೆದರೆ ಸಮ ಇರುವ ಬದಿಗೆ ಗುರುತು ಹಾಕೋಕೂ ಜಾಗ ಇರಲ್ಲ. ಕೊಟ್ಟಿದ್ದನ್ನೆಲ್ಲ ಚಿತ್ರದ ಮೇಲೆ ಗುರುತು ಮಾಡಿ. ಆದರೆ ಕಣ್ಣಿಗೆ ಕಂಡದ್ದನ್ನು ಕೊಟ್ಟದ್ದು ಅಂದುಕೊಳ್ಳಬೇಡಿ. ಲಂಬಕೋನದ ಹಾಗೆ ಕಾಣೋದೆಲ್ಲ ಲಂಬಕೋನ ಅಲ್ಲ. ಅಲ್ ಹಮ್ರಾ ಟವರ್ ಅನ್ನೇ ನೋಡಿ: 412 ಮೀಟರ್ ಎತ್ತರದ ಆ ಕಟ್ಟಡ ಒಂದು ಬೀದಿಯಿಂದ ನೆಟ್ಟಗೆ ಕಾಣುತ್ತೆ, ಇನ್ನೊಂದು ಬೀದಿಯಿಂದ ಶಾಲು ಹೊದ್ದು ತಿರುಗಿ ನಿಂತ ಹಾಗೆ ಕಾಣುತ್ತೆ.

ಒಂದು ಮಾತನ್ನೂ ಅದರ ವಿಲೋಮವನ್ನೂ ಬೇರೆ ಮಾಡಿ ನೋಡಲು ಬರಬೇಕು. ಇದಕ್ಕೆ ಪುಸ್ತಕ ಬೇಡ. ಶರ್ಕ್‌ನಲ್ಲಿ ಇರುವವರೆಲ್ಲ ಕುವೈತ್‌ನಲ್ಲಿದ್ದಾರೆ, ನಿಜ. ಕುವೈತ್‌ನಲ್ಲಿ ಇರುವವರೆಲ್ಲ ಶರ್ಕ್‌ನಲ್ಲಿದ್ದಾರಾ? ಇಲ್ಲ, ಸಾಲ್ಮಿಯಾ, ಅಬ್ಬಾಸಿಯಾದವರು ಜಗಳಕ್ಕೆ ಬರ್ತಾರೆ. ಚೌಕದ ಕರ್ಣಗಳು ಸಮ. ಹಾಗಂತ ಕರ್ಣಗಳು ಸಮ ಇರುವ ಚತುರ್ಭುಜವೆಲ್ಲ ಚೌಕವಲ್ಲ. ಪರೀಕ್ಷೆಯಲ್ಲಿ ಹೋಗುವ ಅಂಕಗಳಲ್ಲಿ ಬಹಳಷ್ಟು ಇಲ್ಲೇ ಹೋಗುತ್ತೆ.

ಕೊನೆಯದಾಗಿ, ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಮೀಡಿಯಂ ಗಣಿತ ಪುಸ್ತಕವನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದುಡ್ಡು ಕೊಡಬೇಕಿಲ್ಲ. ನಾವು ಓದುವಾಗ ಅಲ್ಲಿಯ ಹೈಸ್ಕೂಲ್ ಗಣಿತವೂ ಎನ್.ಸಿ.ಇ.ಆರ್.ಟಿ. ಪುಸ್ತಕದ ಆಧಾರದ್ದೇ ಆಗಿತ್ತು. ಹಾಗಾಗಿ ಎರಡೂ ಪುಸ್ತಕ ಅಕ್ಕಪಕ್ಕ ಇಟ್ಟು ಓದಬಹುದಿತ್ತು. ಅಪ್ಪನ ಕೆಲಸ ಮುಗಿದು ವರ್ಷದ ಮಧ್ಯೆ ಊರಿಗೆ ಹೋಗಬೇಕಾಗಿ ಬರುವ ಮಕ್ಕಳಿಗೆ ಇದು ಇನ್ನೂ ಉಪಯೋಗ. ತ್ರಿಭುಜಕ್ಕೆ ವೀಸಾ ಬೇಕಿಲ್ಲ. ಪದ ಬದಲಾದರೂ ಪ್ರಮೇಯ ಅದೇ.

ಇದೆಲ್ಲ ಒಣ ತಯಾರಿ ಅನ್ನಿಸಿದರೆ ಒಂದು ಆಟ ಇದೆ. ಮಾರ್ಚ್ 21ರ ಹತ್ತಿರದ ಒಂದು ಶುಕ್ರವಾರ, ಹಾರಿಸ್ ಹತ್ತಿರ ಕೇಳಿ ಟೆರೇಸಿನ ಬೀಗ ತೆಗೆಸಿ. ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ ನೆರಳು ತೀರಾ ಚಿಕ್ಕದಾಗುವ ಹೊತ್ತಿಗೆ ಅಳೆಯಿರಿ. ಕುವೈತ್‌ನಲ್ಲಿ ಅದು ಹೆಚ್ಚುಕಮ್ಮಿ 12 ಗಂಟೆ. ನೆರಳು ಸುಮಾರು 56 ಸೆಂಟಿಮೀಟರ್ ಬರುತ್ತೆ. ಅದೇ ದಿನ ಮಂಗಳೂರಿನಲ್ಲಿರುವ ಅಣ್ಣನೋ ತಂಗಿಯೋ ಅಲ್ಲಿಯ ಮಧ್ಯಾಹ್ನ, ಅಂದರೆ ಹನ್ನೆರಡೂವರೆ ದಾಟಿದ ಮೇಲೆ, ಅಷ್ಟೇ ಉದ್ದದ ಕೋಲಿನ ನೆರಳು ಅಳೆಯಲಿ. ಅಲ್ಲಿ ಸುಮಾರು 23 ಸೆಂಟಿಮೀಟರ್. ಎರಡನ್ನೂ ಹತ್ತನೇ ಒಂದು ಪಾಲಿಗೆ ಇಳಿಸಿ ಕಾಗದದ ಮೇಲೆ ಲಂಬಕೋನ ತ್ರಿಭುಜ ಬರೆಯಿರಿ, ಕೋಲಿನ ತುದಿಯ ಕೋನವನ್ನು ಕೋನಮಾಪಕದಲ್ಲಿ ನೋಡಿ. ಇಲ್ಲಿ 29 ಡಿಗ್ರಿಯ ಆಸುಪಾಸು, ಅಲ್ಲಿ 13. ಅಟ್ಲಾಸ್ ತೆಗೆದು ನೋಡಿದರೆ ಆ ಎರಡು ಊರುಗಳ ಅಕ್ಷಾಂಶಗಳೂ ಅವೇ!

ಯಾಕೆ? ಆ ದಿನ ಸೂರ್ಯ ಭೂಮಧ್ಯರೇಖೆಯ ನೇರ ಮೇಲೆ ಇರುತ್ತಾನೆ. ಅಷ್ಟು ದೂರದಿಂದ ಬರುವ ಕಿರಣಗಳೆಲ್ಲ ಒಂದಕ್ಕೊಂದು ಸಮಾಂತರ ಅಂತ ಇಟ್ಟುಕೊಳ್ಳಬಹುದು. ನಿಮ್ಮ ಕೋಲನ್ನು ನೆಲದೊಳಕ್ಕೆ ಬೆಳೆಸುತ್ತ ಹೋದರೆ ಭೂಮಿಯ ಕೇಂದ್ರ ಮುಟ್ಟುತ್ತೆ. ಅದು ಸಮಾಂತರ ರೇಖೆಗಳನ್ನು ಕತ್ತರಿಸುವ ಗೆರೆ. ಕೋಲಿನ ತುದಿಯ ಕೋನವೂ ಕೇಂದ್ರದ ಕೋನವೂ ಪರ್ಯಾಯ ಕೋನಗಳು, ಆದ್ದರಿಂದ ಸಮ. ಕ್ರಿ.ಪೂ. 3ನೇ ಶತಮಾನದಲ್ಲಿ ಎರಟೊಸ್ತನೀಸ್ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ್ದೂ ನೆರಳು ಮತ್ತು ಪರ್ಯಾಯ ಕೋನಗಳ ಇದೇ ಯುಕ್ತಿಯಿಂದ. ವ್ಯತ್ಯಾಸ ಸುಮಾರು 16 ಡಿಗ್ರಿ ಚಿಲ್ಲರೆ, ಒಂದು ಡಿಗ್ರಿಗೆ 111 ಕಿಲೋಮೀಟರ್. ಶರ್ಕ್ ಮಂಗಳೂರಿಗಿಂತ ಸುಮಾರು 1,800 ಕಿಲೋಮೀಟರ್ ಉತ್ತರಕ್ಕಿದೆ ಅಂತ ಎರಡು ಕೋಲುಗಳಿಂದ ಹೇಳಬಹುದು. ಇದೂ ಅಂದಾಜೇ. ಆದರೆ ಈ ಅಂದಾಜಿಗೆ ಕಾರಣ ಇದೆ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಗಲ್ಫಿನಲ್ಲಿ ಮಕ್ಕಳನ್ನು ಓದಿಸುವುದು ಎಷ್ಟು ಖರ್ಚು ಅಂತ ನಮಗೆ ಗೊತ್ತು. ಸೈಟಿನಲ್ಲಿ ಮುಹಂದಿಸ್‌ಗಳ ಕೈಕೆಳಗೆ ದುಡಿಯುವ ಅಪ್ಪನಿಗೆ ಮಗ ಮುಹಂದಿಸ್ ಆಗಲಿ ಅನ್ನಿಸೋದೂ ಸಹಜ. ಆದರೆ "ಜಾಮೆಟ್ರಿ ಬರದಿದ್ರೆ ಇಂಜಿನಿಯರಿಂಗ್ ಹೇಗೆ?" ಅಂತ ಒಂಬತ್ತನೇ ಕ್ಲಾಸಿನಲ್ಲೇ ಕೇಳಿದರೆ ಮಗು ಬಾಯಿಪಾಠಕ್ಕೆ ಇಳಿಯುತ್ತೆ. ಅಂಕ ಎಷ್ಟು ಅಂತ ಕೇಳುವ ಮುಂಚೆ "ಇವತ್ತು ಏನು ಸಾಧಿಸಿದೆ? ನನಗೆ ಹೇಳು" ಅಂತ ಕೇಳಿ. ನಿಮಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುವಾಗಲೇ ಮಗುವಿಗೆ ತಾನು ಎಲ್ಲಿ ಹಾರಿದೆ ಅನ್ನೋದು ತಿಳಿಯೋದು. ನಮ್ಮ ಕಾಮರ್ಸ್ ಗೆಳತಿಗೆ ಈಗ ತ್ರಿಭುಜ ಬೇಕಿಲ್ಲ. ಆದರೆ ಯಾರಾದರೂ ಒಂದು ಲೆಕ್ಕಪತ್ರ ತೋರಿಸಿ "ನೋಡಿದ್ರೆ ಗೊತ್ತಾಗುತ್ತಲ್ಲ" ಅಂದರೆ ಅವಳು ಕೇಳುವ ಮೊದಲ ಪ್ರಶ್ನೆ ಆಂಟಿಯದ್ದೇ.

ಇನ್ನು ನಮ್ಮ ಸಂಘದ ಗೆಳೆಯರಿಗೆ. ರಾಜ್ಯೋತ್ಸವಕ್ಕೆ ಸೇರುವಾಗ ಇಲ್ಲಿಯ ಕನ್ನಡ ಕುಟುಂಬಗಳ ಹೈಸ್ಕೂಲ್ ಮಕ್ಕಳೂ ಬರುತ್ತಾರೆ, ಮೂಲೆಯಲ್ಲಿ ಫೋನ್ ನೋಡುತ್ತ ಕೂತಿರುತ್ತಾರೆ. ಮುಂದಿನ ಸಲ ಒಂದು ಕಾಗದ, ಒಂದು ಪೆನ್ಸಿಲ್ ಹಿಡಿದು ಅವರ ಪಕ್ಕ ಕೂತುಕೊಳ್ಳೋಣ. ಒಂದು ಪ್ರಮೇಯ ಕನ್ನಡದಲ್ಲಿ ಹೇಳು ಅನ್ನೋಣ. ಪದ ಸಿಗದಿದ್ದರೆ ನಾವು ಕೊಡೋಣ: ದತ್ತ, ಸಾಧನೀಯ, ರಚನೆ, ಸಾಧನೆ. ಹೇಳಿ ಮುಗಿಸುವ ತನಕ ಬಾಯಿ ಹಾಕದೆ ಕೇಳೋಣ, ಆಮೇಲೆ ಒಂದೇ ಪ್ರಶ್ನೆ ಕೇಳೋಣ. ಊಟ ಮಾತ್ರ ತಡೆಹಿಡಿಯೋದು ಬೇಡ.